ಮಗ್ಗುಲು ಬದಲಿಸುವ ಕೆಲಸ

ನಾನು ನಿವೃತ್ತಿಯಾದ ದಿನ ಆಸ್ಪತ್ರೆಯವರು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾಲ್ಕು ಹಿತವಚನ ಹೇಳಬೇಕೆಂದು ಮೈಕು ಕೈಗಿತ್ತರು. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು. ಅದನ್ನು ಸರಿಮಾಡುವಷ್ಟರಲ್ಲಿ ಉಪ್ಪಿಟ್ಟು ಬಂತು. ಉಪ್ಪಿಟ್ಟು ಬಂದ ಮೇಲೆ ಹಿತವಚನ ಯಾರಿಗೂ ಬೇಕಾಗುವುದಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲು ಈಗ ನಮ್ಮ ಮನೆಯವರ ಬೆಳಗಿನ ವಾಕಿಂಗಿಗೆ ಉಪಯೋಗವಾಗುತ್ತಿದೆ.

ನನ್ನ ಹೆಸರು ಖಾಜಾಬಿ. ಊರು ಅಣ್ಣಿಗೇರಿ. ಒಂದು ದತ್ತಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ, ಕೊನೆಯವರೆಗೂ ಅಲ್ಲೇ ಇದ್ದೆ. ನಡುವೆ ಒಂದೆರಡು ಬಾರಿ ಬಡ್ತಿ ಸಿಕ್ಕಿತು, ಅಂದರೆ ಕುರ್ಚಿ ಬದಲಾಯಿತು. ಕೆಲಸ ಮಾತ್ರ ಅದೇ. ಬೆನ್ನುಹುರಿಗೆ ಪೆಟ್ಟಾಗಿ ಮನೆಗೆ ಮರಳಿದವರನ್ನು ಹಳ್ಳಿಗೆ ಹೋಗಿ ನೋಡುವುದು. ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಊರುಗಳಿಗೆ ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ಟಂಟಂ, ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ನಡಿಗೆ.

ಮೊದಲು ಪುಸ್ತಕದ ಮಾತು. ಬೆನ್ನುಹುರಿ ಎಂದರೆ ಬೆನ್ನೆಲುಬಿನೊಳಗೆ ಹಾದುಹೋಗುವ ನರಗಳ ಹಗ್ಗ. ಅದಕ್ಕೆ ಪೆಟ್ಟು ಬಿದ್ದರೆ ಬಿದ್ದ ಜಾಗದಿಂದ ಕೆಳಗೆ ಅಲುಗಾಟವಿಲ್ಲ, ಮುಟ್ಟಿದ್ದು ತಿಳಿಯುವುದಿಲ್ಲ, ಉಚ್ಚೆ ಹೇಲಿನ ಮೇಲೆ ಹಿಡಿತವಿಲ್ಲ. ಪುಸ್ತಕದಲ್ಲಿ ಇದನ್ನು ಮಲಮೂತ್ರ ವಿಸರ್ಜನೆ ಎಂದು ಬರೆದಿರುತ್ತಾರೆ. ಹಳ್ಳಿಯಲ್ಲಿ ಹಾಗೆಂದರೆ ಮುದುಕಿಯರು ಅದು ಯಾವುದೋ ಹೊಸ ಇಲಾಖೆ ಎಂದು ತಿಳಿಯುತ್ತಾರೆ. ಉಚ್ಚೆಗೆ ಉಚ್ಚೆ ಎನ್ನಿ. ನಾಚಿಕೆ ನಿಮಗಿದ್ದರೆ ಅವರಿಗೂ ಬರುತ್ತದೆ, ಅವರಿಗೆ ಬಂದರೆ ನಿಮಗೆ ನಿಜ ಹೇಳುವುದಿಲ್ಲ.

ನಮ್ಮ ಕಡೆ ಈ ಪೆಟ್ಟು ಬೀಳುವ ಜಾಗಗಳು ಗೊತ್ತಿದ್ದವೇ. ಹುಣಸೆಮರ, ಮೇವಿನ ಬಣವಿ, ಟ್ರ್ಯಾಕ್ಟರ್, ಮೋಟರ್ ಸೈಕಲ್ಲು, ಮಣ್ಣಿನ ಮೇಲ್ಛಾವಣಿ. ಯಾವ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆಯೂ ಒಂದೇ, ಯಾವಾಗ ನಡೆಯುತ್ತಾರೆ ಎಂದು. ಸುಳ್ಳು ಹೇಳಬೇಡಿ. ಹಾಗೆಂದು ಹೊಸ್ತಿಲಲ್ಲೇ ನಿಂತು ನಿಜವನ್ನೂ ಒದರಬೇಡಿ. ಮೊದಲು ಕುಂಡ್ರೂಣು, ಆಮೇಲೆ ಮುಂದಿನ ಮಾತು ಎಂದು ನಾನು ಹೇಳುತ್ತಿದ್ದೆ. ಕೂರಬೇಕಾದದ್ದು ಪೇಷಂಟಲ್ಲ, ನಾನು ಎಂದು ತಿಳಿದು ಮನೆಯವರು ಚಾಪೆ ಹಾಸುತ್ತಿದ್ದರು. ಅದರಿಂದಲೂ ಒಳ್ಳೆಯದೇ ಆಗುತ್ತಿತ್ತು.

ನೂರಾರು ಮನೆ ನೋಡಿರಬಹುದು. ಆದರೆ ಹೊಸಬರಿಗೆ ಒಂದೇ ಮನೆಯ ಕಥೆ ಹೇಳು ಎಂದರೆ ನಾನು ನೀಲವ್ವನ ಮನೆಯದನ್ನು ಹೇಳುತ್ತೇನೆ. ಬೇರೆಯವರ ಸುದ್ದಿ ನಡುನಡುವೆ ಬಂದರೆ ಬರಲಿ.

ನೀಲವ್ವ ಕುಂದಗೋಳ ತಾಲೂಕಿನ ಒಂದು ಹಳ್ಳಿಯವಳು. ಅಂದರೆ ಅಲ್ಲಿಗೆ ಕೊಟ್ಟವಳು. ತವರು ಕಲಘಟಗಿ ಬದಿಯ ಮಿಶ್ರಿಕೋಟಿ. ಗಂಡ ಫಕೀರಪ್ಪ, ಅತ್ತೆ ಬಸಲಿಂಗವ್ವ, ಸಾಲೆಗೆ ಹೋಗುವ ಇಬ್ಬರು ಮಕ್ಕಳು. ಮನೆ ಮಣ್ಣಿನ ಮಾಳಿಗೆಯದು, ಅಂದರೆ ಮಟ್ಟಸ ಛಾವಣಿಯದು. ಅಂಥ ಮನೆಗಳಲ್ಲಿ ಬೆಳಕಿಗೆಂದು ಮಾಳಿಗೆಯಲ್ಲೊಂದು ಕಿಂಡಿ ಇರುತ್ತದೆ, ಮಳೆ ಬಂದರೆ ಯಾರಾದರೂ ಹತ್ತಿ ಅದಕ್ಕೆ ತಗಡು ಮುಚ್ಚಬೇಕು. ಹಿಂಗಾರಿ ಮಳೆ ಶುರುವಾದ ಒಂದು ಸಂಜೆ ನೀಲವ್ವ ಹತ್ತಿದಳು. ತಗಡು ಮುಚ್ಚಿದಳು. ಇಳಿಯಲು ತಿರುಗಿದಾಗ ಕಾಲು ಜಾರಿ ಅಂಗಳಕ್ಕೆ ಬಿದ್ದಳು. ಒಳಗೆ ಒಂದು ಹನಿಯೂ ಸೋರಲಿಲ್ಲ ಎಂದು ಬಸಲಿಂಗವ್ವ ನನಗೆ ಹೇಳಿದಾಗ, ಅದನ್ನು ಹೊಗಳಿಕೆ ಎಂದು ತಿಳಿಯಬೇಕೋ ಏನೆಂದು ತಿಳಿಯಬೇಕೋ ಗೊತ್ತಾಗಲಿಲ್ಲ.

ಆಪರೇಷನ್ ಆಗಿ, ಉಚ್ಚೆಯ ನಳಿಕೆ ಮತ್ತು ಚೀಲದೊಂದಿಗೆ ಮನೆಗೆ ಬಂದಿದ್ದಳು. ಪೆಟ್ಟು ಸೊಂಟದ ಮೇಲ್ಭಾಗದಲ್ಲಿ, ಕೈಗಳು ಗಟ್ಟಿಯಾಗಿದ್ದವು. ನಾನು ಮೊದಲ ಸಲ ಹೋದಾಗ ಹಗ್ಗದ ಹೊರಸಿನ ಮೇಲೆ ನಾಲ್ಕು ಕೌದಿ ಹಾಸಿ ಮಲಗಿಸಿದ್ದರು. ಕೌದಿಗಳು ಬಸಲಿಂಗವ್ವನೇ ಹೊಲಿದದ್ದು, ಬಹಳ ಚಂದ ಇದ್ದವು. ಚಂದದ ಕೌದಿಗೆ ಚಂದದ ಗಂಟುಗಳಿರುತ್ತವೆ. ಸ್ಪರ್ಶವಿಲ್ಲದ ಮೈಗೆ ಒಂದೊಂದು ಗಂಟೂ ಒಂದೊಂದು ಹುಣ್ಣಿನ ಬೀಜ. ಮೇಲಿನ ಕೌದಿ ತೆಗೆದು ಹಳೆಯ ಮೆತ್ತನೆಯ ಸೀರೆ ಹಾಸಿ ಎಂದೆ. ಬಸಲಿಂಗವ್ವ ತೆಗೆದಳು, ಆದರೆ ಮಡಚಿಡುವಾಗ ಕೌದಿಯನ್ನು ಎದೆಗವಚಿಕೊಂಡು ನನ್ನನ್ನು ನೋಡಿದ ರೀತಿ ಒಳ್ಳೆಯದಿರಲಿಲ್ಲ.

ಗಾಯ ನೋಡುವ ನೆಪದಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದೆ. ಇದನ್ನು ಕಲಿಯಿರಿ. ಮನೆಯವರ ಎದುರು ಪೇಷಂಟು ಮಾತಾಡುವುದಿಲ್ಲ, ಮನೆಯವರೇ ಮಾತಾಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ನೀಲವ್ವ ನಡೆಯುವ ವಿಷಯ ಕೇಳಲೇ ಇಲ್ಲ. ಪಂಚಮಿಗೆ ಇನ್ನೂ ಎಷ್ಟು ತಿಂಗಳಿದೆ ಎಂದು ಕೇಳಿದಳು.

“ಪಂಚಮಿಗೆ ಅಣ್ಣ ಕರಿಯಾಕ ಬರ್ತಾನ್ರಿ ಬಾಯಾರ. ಈ ಸಲ ಹೋದ್ರ, ತಿರಗಿ ಕರಿಯಾಕ ಈ ಮನ್ಯಾಗಿಂದ ಯಾರೂ ಬರೂದಿಲ್ಲ.”

ನಾನು ಹಾಗೇಕೆ ಅನ್ನುತ್ತೀ ಎಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಹಾಸಿಗೆ ಹಿಡಿದ ಸೊಸೆಯನ್ನು ತವರಿಗೆ ಕಳಿಸುವುದು ಈ ಸೀಮೆಯಲ್ಲಿ ತಪ್ಪಲ್ಲ, ಮರ್ಯಾದೆಯ ದಾರಿ. ತವರಿನವರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ನೋಡಿಕೊಳ್ಳುವುದೂ ಉಂಟು. ಆದರೆ ಮಕ್ಕಳು ಅಪ್ಪನ ಮನೆಯಲ್ಲೇ ಉಳಿಯುತ್ತವೆ, ಒಂದೆರಡು ವರ್ಷದಲ್ಲಿ ಆ ಮನೆಗೆ ಇನ್ನೊಬ್ಬಳು ಬರುತ್ತಾಳೆ. ಹಾಗೆ ಹೋಗಿ ಉಳಿದವರು ನನಗೇ ಗೊತ್ತಿದ್ದರು, ನೀಲವ್ವನಿಗೂ ಗೊತ್ತಿದ್ದರು. ಬೆನ್ನು ನೋಡುವ ಕೆಲಸವನ್ನು ಆಸ್ಪತ್ರೆ ಕೊಟ್ಟಿತ್ತು. ಅವಳು ತನ್ನ ಮನೆಯಲ್ಲೇ ಉಳಿಯುವಂತೆ ಮಾಡುವ ಕೆಲಸವನ್ನು ಅಂದು ಅವಳು ಕೊಟ್ಟಳು.

ನಾವು ಶುರುಮಾಡಿದ್ದು ಮಗ್ಗುಲು ಬದಲಿಸುವುದರಿಂದ. ಮಲಗಿದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಹಗಲೂ ರಾತ್ರಿಯೂ. ಇಷ್ಟೇ. ಕೇಳಲು ಸುಲಭ. ಆದರೆ ನಮ್ಮ ಹಳ್ಳಿಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಇಡೀ ಊರು ಬರುತ್ತದೆ. ಬಾಳೆಹಣ್ಣು, ಬಿಸ್ಕೀಟು ತಂದು ಹೊರಸಿನ ಅಂಚಿಗೆ ಕೂತು ಕಣ್ಣೊರೆಸಿಕೊಳ್ಳುತ್ತದೆ. ಬಂದವರ ಎದುರು ಹೊರಳಿಸುವುದು ಹೇಗೆ ಎಂದು ಮನೆಯವರು ಸುಮ್ಮನಿರುತ್ತಾರೆ. ನೀಲವ್ವ ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಬೆನ್ನ ಮೇಲೆ ಮಲಗಿ ಎಲ್ಲರಿಗೂ ಆರಾಮ ಇದೀನ್ರಿ ಎನ್ನುತ್ತಿದ್ದಳು. ಬರಬೇಡಿ ಎನ್ನಲಾಗದು. ಬಂದ ಹೆಣ್ಣುಮಕ್ಕಳೆಲ್ಲ ಒಮ್ಮೆ ಕೈಹಚ್ಚಿ ಹೊರಳಿಸಿಯೇ ಹೋಗಬೇಕು, ಇದು ಆಸ್ಪತ್ರೆಯ ಕಾಯಿದೆ ಎಂದು ನಾನು ಹೇಳಿದೆ. ಅಂಥ ಕಾಯಿದೆ ಎಲ್ಲೂ ಇರಲಿಲ್ಲ. ಒಂದು ವಾರದಲ್ಲಿ ಅರ್ಧ ಜನ ಬರುವುದು ಬಿಟ್ಟರು. ಉಳಿದರ್ಧ ಕೆಲಸ ಕಲಿತರು.

ಎರಡನೆಯದು ನೀರು. ಚೀಲ ಖಾಲಿ ಮಾಡುವ ಕೆಲಸ ಅತ್ತೆಗೆ ಬೀಳುತ್ತದೆಂದು ನೀಲವ್ವ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬಹಳ ಜನ ಹೀಗೆ ಮಾಡುತ್ತಾರೆ, ಮನೆಯವರಿಗೆ ಹೊರೆಯಾಗಬಾರದೆಂದು. ಆಮೇಲೆ ಚಳಿಜ್ವರ ಬಂದು ಗಾಡಿ ಮಾಡಿ ಆಸ್ಪತ್ರೆಗೆ ಒಯ್ಯುವಾಗ ನಿಜವಾದ ಹೊರೆಯಾಗುತ್ತದೆ. ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ, ನಾರಿದರೆ, ಗದ್ದಲ ಶುರುವಾಗಿದೆ ಎಂದರ್ಥ.

ಹಿಂದೆ ನಾವು ನಳಿಕೆಯನ್ನು ಒಳಗೇ ಬಿಟ್ಟು ಕಳಿಸುತ್ತಿದ್ದೆವು. ಆಮೇಲೆ ಬೇರೆ ಪದ್ಧತಿ ಬಂತು. ನಾಲ್ಕಾರು ತಾಸಿಗೊಮ್ಮೆ, ಸಾಬೂನಿನಿಂದ ಕೈ ತೊಳೆದು, ತೆಳ್ಳಗಿನ ನಳಿಕೆಯನ್ನು ಪೇಷಂಟೇ ಹಾಕಿಕೊಂಡು ಉಚ್ಚೆ ತೆಗೆದು, ನಳಿಕೆ ಹೊರಗೆ ತೆಗೆದಿಡುವುದು. ಗಂಡಸರಿಗೆ ಸುಲಭ, ಹೆಂಗಸರಿಗೆ ಮೊದಮೊದಲು ಕನ್ನಡಿ ಬೇಕು. ಹಳೆಯ ನರ್ಸುಗಳೆಲ್ಲ ಮೂಗು ಮುರಿದೆವು, ಆಮೇಲೆ ಕಲಿತೆವು. ನೀಲವ್ವ ನಮಗಿಂತ ಬೇಗ ಕಲಿತಳು. ಚೀಲ ಹೋಯಿತು, ಜ್ವರ ಹೋಯಿತು, ನೀರು ಬಂತು.

ಅವಳು ಬಿಟ್ಟಿದ್ದ ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಅವರದು ಲಿಂಗವಂತರ ಮನೆ. ಮೈಯಲ್ಲಿ ನಳಿಕೆ ಇರುವಾಗ ಹೇಗೆ ಎಂದು ನೀಲವ್ವ ಲಿಂಗಪೂಜೆ ಬಿಟ್ಟಿದ್ದಳು. ನಾನು ಮುಸಲ್ಮಾನಳು, ಆ ಮಾತಿನಲ್ಲಿ ಕೈಹಾಕಲಿಲ್ಲ. ಬಸಲಿಂಗವ್ವನೇ ಒಂದು ಮುಂಜಾನೆ ತಂಬಿಗೆಯಲ್ಲಿ ನೀರು ತಂದು ಅವಳ ಮುಂದಿಟ್ಟಳಂತೆ, ನಮಗೆ ಸೂತಕ ಎಲ್ಲಿದೆ, ಕೈ ತೊಳಿ, ಲಿಂಗ ಹಿಡಿ ಎಂದಳಂತೆ. ಅಷ್ಟು ಮಾಡಿದವಳೇ ಮುಂದೆ ಸೊಸೆಯನ್ನು ಮುಟ್ಟದಂತಾದದ್ದು ಯಾಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಇಲ್ಲಿ ಬೇರೆ ಕೆಲವು ಮನೆಗಳ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ.

ನವಲಗುಂದ ತಾಲೂಕಿನಲ್ಲಿ ಬಣವಿಯಿಂದ ಬಿದ್ದು ಕುತ್ತಿಗೆಗೆ ಪೆಟ್ಟಾದ ಒಬ್ಬ ಹಿರಿಯರಿದ್ದರು. ಆಗಾಗ ಅವರಿಗೆ ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಹಣೆಯ ಮೇಲೆ ಬೆವರು. ಮನೆಯವರು ದೃಷ್ಟಿ ಎಂದು ತೀರ್ಮಾನಿಸಿದ್ದರು. ಉಪ್ಪು ಮೆಣಸಿನಕಾಯಿ ಇಳಿಸಿದ ಕೂಡಲೇ ಕಡಿಮೆಯಾಗುತ್ತಿತ್ತು, ಪ್ರತಿ ಸಲವೂ. ನಾನೂ ನಿಂತು ನೋಡಿದೆ. ದೃಷ್ಟಿ ಇಳಿಸಬೇಕೆಂದರೆ ಅವರನ್ನು ಎಬ್ಬಿಸಿ ಕೂಡಿಸಬೇಕು. ಕೂಡಿಸಿದಾಗ ತೊಡೆಯ ಕೆಳಗೆ ಸಿಕ್ಕಿ ಮಡಚಿದ್ದ ಉಚ್ಚೆಯ ನಳಿಕೆ ನೆಟ್ಟಗಾಗುತ್ತಿತ್ತು. ಹೊಟ್ಟೆಯೊಳಗಿನ ಮೂತ್ರಕೋಶ ತುಂಬಿ ಖಾಲಿಯಾಗದಿದ್ದರೆ ಮೈ ಹೀಗೆ ಕೂಗಿಕೊಳ್ಳುತ್ತದೆ, ಕುತ್ತಿಗೆ ಎದೆಯ ಮಟ್ಟದಲ್ಲಿ ಪೆಟ್ಟಾದವರಲ್ಲಿ ಇದು ಜೀವಕ್ಕೇ ಅಪಾಯ. ಕೂಡಿಸಿ, ನಳಿಕೆ ನೆಟ್ಟಗೆ ಮಾಡಿ, ಬಿಗಿಯಾದ ಬಟ್ಟೆ ಸಡಿಲಿಸಿ, ಆಗಲೂ ಇಳಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ತನ್ನಿ ಎಂದೆ. ಮೆಣಸಿನಕಾಯಿ ಬಿಡಬೇಕೇ ಎಂದು ಅವರ ಹೆಂಡತಿ ಕೇಳಿದರು. ಬೇಡ, ಆದರೆ ಕೊನೆಗೆ ಇಳಿಸಿ ಎಂದೆ.

ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತವರೂ ಬಹಳ, ಹಿಂದೂಗಳೂ ನಮ್ಮವರೂ. ಹೋಗಬೇಡಿ ಎಂದು ಹೇಳಿದ ನರ್ಸಿನ ಮಾತನ್ನು ಆಮೇಲೆ ಯಾವುದಕ್ಕೂ ಕೇಳುವುದಿಲ್ಲ. ಹೋಗಿ, ಟ್ರೇಲರಿನ ಬರಿ ತಗಡಿನ ಮೇಲೆ ಕೂಡಿಸಿ ಒಯ್ಯಬೇಡಿ, ದಪ್ಪ ಸ್ಪಂಜಿನ ದಿಂಬು ಹಾಕಿ, ದಾರಿಯಲ್ಲಿ ಆಗಾಗ ಮುಂದಕ್ಕೂ ಪಕ್ಕಕ್ಕೂ ಬಾಗಿಸಿ ಕುಂಡಿಗೆ ಉಸಿರು ಬಿಡಿಸಿ ಎಂದು ಹೇಳಬೇಕು.

ಇನ್ನೊಂದು, ನಮ್ಮ ಮೇಲಧಿಕಾರಿಯ ಸುದ್ದಿ. ಒಳ್ಳೆಯ ಮನುಷ್ಯ, ಹೊಸ ವಸ್ತುಗಳ ಮೇಲೆ ಬಹಳ ನಂಬಿಕೆ. ಒಂದು ವರ್ಷ ಗಾಳಿಹಾಸಿಗೆಗಳನ್ನು ತರಿಸಿ ಮನೆಮನೆಗೆ ಹಂಚಿಸಿದರು. ಕರೆಂಟು ಇದ್ದರೆ ಉಬ್ಬುತ್ತವೆ. ಕರೆಂಟು ನಮ್ಮ ಹೊಲದ ಪಂಪಿಗೇ ಸರಿಯಾಗಿ ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಇಲಿ ಕಡಿದಿತ್ತು. ಅದು ಹಾಸಿಗೆಯನ್ನು ಕಡಿದದ್ದು ಪುಣ್ಯ, ಏಕೆಂದರೆ ಸ್ಪರ್ಶವಿಲ್ಲದ ಕಾಲ್ಬೆರಳನ್ನು ಇಲಿ ಕಡಿದರೆ ಬೆಳಗಾಗುವವರೆಗೆ ಗೊತ್ತಾಗುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲಗುವಾಗ ಕಾಲುಚೀಲ ಹಾಕಿಸಿ, ಸೊಳ್ಳೆಪರದೆ ಹಾಸಿಗೆಯಡಿ ಸಿಕ್ಕಿಸಿ. ಮತ್ತೊಂದು ಮನೆಯಲ್ಲಿ ಗಾಳಿಹಾಸಿಗೆ ಕಾಣಲೇ ಇಲ್ಲ. ಕೇಳಿದರೆ, ಅಷ್ಟು ಬೆಲೆಬಾಳುವುದನ್ನು ದಿನಾ ಹಾಸುವುದುಂಟೇ, ಬೀಗರು ಬಂದಾಗ ಹಾಸಲು ಅಟ್ಟದ ಮೇಲಿಟ್ಟಿದ್ದೇವೆ ಎಂದರು. ಬೀಗರಿಗೆ ಹಾಸಿಗೆಹುಣ್ಣು ಆಗಲಿಲ್ಲ ಎಂದು ನಾನು ವರದಿಯಲ್ಲಿ ಬರೆದೆ. ಸಾಹೇಬರು ಅದನ್ನು ಓದದೆ ಸಹಿ ಮಾಡಿದರು.

ನೀಲವ್ವನ ಮನೆಗೆ ಬರೋಣ. ಚಳಿ ಬಿದ್ದ ಹೊತ್ತಿಗೆ ಅವಳು ಹೊರಸಿನ ಬದಲು ತರಿಸಿದ ಹಲಗೆಮಂಚದಿಂದ ಗಾಲಿಕುರ್ಚಿಗೆ ತಾನೇ ಜರುಗುತ್ತಿದ್ದಳು. ಮುಂಜಾನೆ ಬಿಸಿ ಚಹಾ ಕುಡಿದು, ದಿನಾ ಒಂದೇ ಹೊತ್ತಿಗೆ, ಸೀಟಿಗೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹೊಟ್ಟೆ ಸಾಫ್ ಮಾಡಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಳು. ಕುಂಡಿ, ತೊಡೆ, ಹಿಮ್ಮಡಿಗಳನ್ನು ಹಿಡಿಕೆಯ ಕನ್ನಡಿಯಲ್ಲಿ ಮುಂಜಾನೆ ಸಂಜೆ ನೋಡಿಕೊಳ್ಳುತ್ತಿದ್ದಳು. ಪುಸ್ತಕ ಕೆಂಪು ಮಚ್ಚೆ ನೋಡು ಎನ್ನುತ್ತದೆ. ನಮ್ಮ ಕಪ್ಪು ಮೈಯಲ್ಲಿ ಕೆಂಪು ಎಲ್ಲಿ ಕಾಣಬೇಕು? ಅಂಗೈ ಹಿಂಭಾಗದಿಂದ ಮುಟ್ಟಬೇಕು. ಸುತ್ತಲಿಗಿಂತ ಬಿಸಿ ಇದ್ದರೆ, ಗಟ್ಟಿ ಅನ್ನಿಸಿದರೆ, ಆ ಜಾಗದ ಮೇಲೆ ಭಾರ ಹಾಕಕೂಡದು. ಹುಣ್ಣಿಗೆ ಏನು ಹಚ್ಚಬೇಕೆಂದು ಎಲ್ಲರೂ ಕೇಳುತ್ತಾರೆ. ಅರಿಷಿಣ, ಸಕ್ಕರೆ, ಪೌಡರು, ಎಲ್ಲ ಹಚ್ಚಿದ್ದನ್ನೂ ನೋಡಿದ್ದೇನೆ. ಆ ಜಾಗದ ಮೇಲೆ ಕೂರದಿರುವುದೇ ಮೊದಲ ಔಷಧ.

ಅವಳ ಮನಸ್ಸು ಇದ್ದದ್ದು ಅಡಿಗೆಮನೆಯ ಮೇಲೆ. ರೊಟ್ಟಿ ಬಡಿಯುವ ಸೊಸೆಯನ್ನು ಯಾರೂ ತವರಿಗೆ ಕಳಿಸಿ ಸುಮ್ಮನಿರುವುದಿಲ್ಲ ಎಂಬುದು ಅವಳ ಲೆಕ್ಕ. ನನಗೂ ಸರಿಯೆನಿಸಿತು. ದಪ್ಪ ದಿಂಬಿನ ಮೇಲೆ ನೆಲಕ್ಕೆ ಕೂತು, ಒಲೆಗೂ ಕಾಲಿಗೂ ನಡುವೆ ಹಲಗೆ ನಿಲ್ಲಿಸಿ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಹರಿಯಿತು. ಆಮೇಲಿನವು ಹರಿಯಲಿಲ್ಲ. ಬಸಲಿಂಗವ್ವ ತಿಂದು, ಉಪ್ಪು ಕಡಿಮೆ ಎಂದಳು. ಜೋಳದ ರೊಟ್ಟಿಗೆ ಅವರ ಮನೆಯಲ್ಲಿ ಉಪ್ಪು ಹಾಕುವ ರೂಢಿಯೇ ಇರಲಿಲ್ಲ. ಸೊಸೆ ನಕ್ಕಳಂತೆ, ಬಿದ್ದ ಮೇಲೆ ಮೊದಲ ಸಲ.

ಅದಾದ ಕೆಲವೇ ದಿನಗಳಲ್ಲಿ ಎಲ್ಲ ಕೆಟ್ಟಿತು. ಸೊಸೆಯ ಕಾಲು ಮುಟ್ಟಿ ನೋಡಿದ ಬಸಲಿಂಗವ್ವನಿಗೆ ಅವು ಹಿಮದಂತೆ ತಣ್ಣಗಿದ್ದದ್ದು ಕಂಡಿತು. ಪೆಟ್ಟಾದವರ ಕಾಲುಗಳು ಹಾಗೆಯೇ ಇರುತ್ತವೆ. ಆದರೆ ತಣ್ಣಗಾದ ಹೆಣ್ಣಿನ ಮೈಗೆ ಏನು ಮಾಡಬೇಕೆಂದು ನಮ್ಮ ಸೀಮೆಯ ಎಲ್ಲ ಅತ್ತೆಯರಿಗೂ ಗೊತ್ತು. ಬಾಣಂತಿಗೆ ಮಾಡಿದಂತೆ ಮಾಡಬೇಕು. ಅವಳನ್ನು ಹಲಗೆಮಂಚದಿಂದ ಹಳೆಯ ಹಗ್ಗದ ಹೊರಸಿಗೆ ಮಲಗಿಸಿದಳು, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟಳು, ಮೇಲೆ ಅಜವಾನ ಬೆಳ್ಳುಳ್ಳಿಸಿಪ್ಪೆ ಉದುರಿಸಿದಳು. ಎರಡು ಬಾಣಂತನ ಹಾಗೆಯೇ ಮಾಡಿದ್ದಳು, ಎರಡರಲ್ಲೂ ಸೊಸೆ ಚೆನ್ನಾಗಿದ್ದಳು. ಬಾಣಂತಿಯಾದರೆ ಬಿಸಿ ಹೆಚ್ಚಾಯಿತೆಂದು ಕೂಗುತ್ತಾಳೆ. ನೀಲವ್ವ ಮಗಳಿಗೆ ಮಗ್ಗಿ ಹೇಳಿಕೊಡುತ್ತಾ ಮಲಗಿದ್ದಳು. ಸುಟ್ಟ ವಾಸನೆ ಬಂದಾಗ ಇಬ್ಬರೂ ಹಾಲು ಉಕ್ಕಿತೆಂದು ತಿಳಿದರಂತೆ. ಮಗಳು ಒಲೆ ನೋಡಿಬಂದು ಹಾಲು ಇಟ್ಟೇ ಇಲ್ಲ ಎಂದಳು.

ಎಡಗಾಲಿನ ಮೀನಖಂಡದಿಂದ ತೊಡೆಯವರೆಗೆ ಸುಟ್ಟಿತ್ತು. ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ಶಾಖ ಕೊಡಬೇಡಿ, ಬಿಸಿನೀರಿನ ಚೀಲ ಇಡಬೇಡಿ, ಸ್ನಾನದ ನೀರನ್ನು ಸ್ಪರ್ಶವಿರುವ ಕೈಯಿಂದ ನೋಡಿ ಹಾಕಿ, ಬಿಸಿಲಲ್ಲಿ ಕಾದ ಕಟ್ಟೆಯ ಮೇಲೆ ಕೂಡಿಸಬೇಡಿ ಎಂದು ಹೊಸ ನರ್ಸುಗಳು ಮೊದಲ ದಿನವೇ ಹೇಳಬೇಕು. ನಾನು ಅವನ್ನೆಲ್ಲ ಹೇಳಿದ್ದೆ. ಬಾಣಂತಿಯ ಕೆಂಡದ ಹೆಸರೆತ್ತಿ ಹೇಳಿರಲಿಲ್ಲ. ಹೆಸರೆತ್ತದೆ ಬಿಟ್ಟದ್ದು ಯಾರ ಪಟ್ಟಿಯಲ್ಲೂ ಬರುವುದಿಲ್ಲ, ಆದ್ದರಿಂದ ಇಲ್ಲಿ ಎತ್ತಿ ಹೇಳುತ್ತಿದ್ದೇನೆ.

ನೀಲವ್ವ ಮರಳಿ ಬಂದ ಮೇಲೆ ಬಸಲಿಂಗವ್ವ ಅವಳನ್ನು ಮುಟ್ಟಲಿಲ್ಲ. ಊಟದ ತಾಟನ್ನು ದೂರದಿಂದ ಸರಿಸುತ್ತಿದ್ದಳು. ಅಡಿಗೆಮನೆಗೆ ಬಿಡಲಿಲ್ಲ. ಡ್ರೆಸ್ಸಿಂಗ್ ಮಾಡಲು ನಾನು ಹೋದರೆ ಎದ್ದು ಹಿತ್ತಲಿಗೆ ನಡೆಯುತ್ತಿದ್ದಳು. ಒಂದು ದಿನ ಫಕೀರಪ್ಪನ ಮೂಲಕ ಮಿಶ್ರಿಕೋಟಿಗೆ ಫೋನ್ ಮಾಡಿಸಿ, ಗಾಯ ಮಾಯಲಿ, ಪಂಚಮಿಗೆ ಬಂದು ಕರೆದೊಯ್ಯಿರಿ ಎಂದು ಹೇಳಿಸಿದಳು. ಅತ್ತೆಗೆ ಸಾಕಾಯಿತು ಎಂದು ಊರು ಮಾತಾಡಿತು. ನಾನೂ ಹಾಗೇ ತಿಳಿದು, ಹಿತ್ತಲಿಗೆ ಹೋಗಿ ಜಗಳ ಮಾಡಿದೆ. ಇಷ್ಟು ಕಲಿತವಳನ್ನು ಕಳಿಸುತ್ತೀರಾ, ಮಕ್ಕಳ ಮುಖ ನೋಡಬಾರದೇ ಎಂದೆ. ಬಸಲಿಂಗವ್ವ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ತವರುಮನೆಯಲ್ಲಿ ಚಂದ ನೋಡಿಕೊಳ್ಳುತ್ತಾರೆ ಎಂದಷ್ಟೇ ಹೇಳಿದಳು. ಫಕೀರಪ್ಪ ನಡುವೆ ನಿಂತು ಇಬ್ಬರಿಗೂ ಚಹಾ ಬೇಕೇ ಎಂದು ಕೇಳಿದ. ಅವನಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ.

ಗಾಯ ಮಾಯಿತು. ಜೀವನದಲ್ಲಿ ಒಂದು ಗಾಯ ಬೇಗ ಮಾಯಬಾರದೆಂದು ನನಗನಿಸಿದ್ದು ಅದೊಂದೇ ಸಲ.

ಪಂಚಮಿಯ ಹಿಂದಿನ ದಿನ ಅಣ್ಣ ಶಿವಪ್ಪ ಗಾಡಿ ತಂದ. ಸೊಸೆಯನ್ನು ತವರಿಗೆ ಕಳಿಸುವಾಗ ಇಂಥ ದಿನ ಕರೆಯಲು ಬರುತ್ತೇವೆ ಎಂದು ಅತ್ತೆ ಹೇಳಬೇಕು, ಅದು ಪದ್ಧತಿ. ಬಸಲಿಂಗವ್ವ ಹಬ್ಬದ ಉಂಡಿಯ ಡಬ್ಬಿ ಕೊಟ್ಟಳು, ದಿನ ಹೇಳಲಿಲ್ಲ. ನೀಲವ್ವ ಗಾಡಿಯಲ್ಲಿ ಕೂತು ಒಂದಷ್ಟು ಹೊತ್ತು ಕಾದಳಂತೆ. ಆಮೇಲೆ ಮಕ್ಕಳ ಸಾಲೆ ತಪ್ಪಿಸಬೇಡಿ ಎಂದು ಹೇಳಿ, ಹೋಗೋಣ ಅಣ್ಣಾ ಎಂದಳಂತೆ. ಇದನ್ನೆಲ್ಲ ಫಕೀರಪ್ಪ ಫೋನಿನಲ್ಲಿ ನನಗೆ ಹೇಳಿದ. ಹೇಳಿ, ಅಳಲಿಲ್ಲ, ಫೋನ್ ಇಡಲೂ ಇಲ್ಲ. ನಾನೇ ಇಟ್ಟೆ.

ಹಬ್ಬ ಮುಗಿದು ಸ್ವಲ್ಪ ದಿನಕ್ಕೆ ಅವನೇ ಮತ್ತೆ ಫೋನ್ ಮಾಡಿ, ಅವ್ವ ಕರೆಯುತ್ತಿದ್ದಾಳೆ, ಒಮ್ಮೆ ಬಂದುಹೋಗಿ ಎಂದ. ಪೇಷಂಟಿಲ್ಲದ ಮನೆಗೆ ಯಾಕೆ ಎಂದೆ. ನೀವು ಬರ್ರಿ ಎಂದ. ಹೋದೆ.

ಪಡಸಾಲೆಯಲ್ಲಿ ಹಲಗೆಮಂಚದ ಮೇಲೆ ಫಕೀರಪ್ಪ ಮಲಗಿದ್ದ. ಬಸಲಿಂಗವ್ವ ಅವನ ಭುಜ ಸೊಂಟ ಹಿಡಿದು ಹೊರಳಿಸುತ್ತಿದ್ದಳು. ದಿಂಬು ಬೆನ್ನಿಗೆ ಕೊಡಬೇಕೋ ಮೊಣಕಾಲಿಗೆ ಕೊಡಬೇಕೋ ಎಂದು ಗೊಂದಲವಾಗಿ ಎರಡನ್ನೂ ಅವನ ಮುಖದ ಬಳಿ ಇಟ್ಟಿದ್ದಳು. ಅವನಿಗೆ ಕಚಗುಳಿ ಬಹಳ. ಯವ್ವಾ ಸಾಕು ಬೇ ಎಂದು ಒದ್ದಾಡುತ್ತಿದ್ದ. ಕಾಲು ಸತ್ತವರಂಗ ಬೀಳೋ ಎಂದು ಅವಳು ಗದರಿಸುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. ನಾಚಿಕೆಯಿಂದಲ್ಲ, ಸೆರಗಿನಿಂದ ಕೈ ಒರೆಸಿಕೊಳ್ಳಲು.

“ಸುಟ್ಟಿದ್ದು ಈ ಕೈಲೇರಿ ಬಾಯಾರ,” ಎಂದಳು. “ಮತ್ತ ಮುಟ್ಟಿದ್ರ ಇನ್ನೇನ ಮಾಡತೇನೋ ಅಂತ ಅಂಜಿ ಕಳಿಸೇನಿ. ಅಕಿ ನನ್ನ ಕೈಯಾಗ ಸಾಯಬಾರದು ಅಂತ. ಈಗ ಅಕಿ ಅಲ್ಲಿ ಹ್ಯಾಂಗ ಮಲಗ್ಯಾಳೋ, ಯಾರ ಹೊಳ್ಳಸತಾರೋ, ಅನ್ನ ಇಳೀವಲ್ದು. ನಂಗ ಕಲಸ್ರಿ.”

ಇಷ್ಟು ತಿಂಗಳು ಆ ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದೆ, ನ್ಯಾಯವಾಗಿ ಹೇಳಬೇಕೆಂದರೆ ಮಾತಾಡಿಸಲು ಬಂದ ಅರ್ಧ ಊರಿಗೆ ಕಲಿಸಿದ್ದೆ. ಅವಳು ಮಾತ್ರ ನೋಡಿ ಕಲಿತಿದ್ದಳು. ನೋಡಿ ಕಲಿತವರಿಗೆ ತಪ್ಪಾದ ಮೇಲೆ ಕೈ ಓಡುವುದಿಲ್ಲ. ಆ ಮಧ್ಯಾಹ್ನವೆಲ್ಲ ಕಲಿಸಿದೆ. ಮೊಣಕಾಲುಗಳ ನಡುವೆ ದಿಂಬು, ಬೆನ್ನಿಗೊಂದು ದಿಂಬು, ಹಿಮ್ಮಡಿ ಯಾವುದಕ್ಕೂ ತಾಗದಂತೆ ಕಣಕಾಲಿನ ಕೆಳಗೆ ಮಡಚಿದ ಟವೆಲ್ಲು. ಎಳೆಯಬಾರದು, ಎತ್ತಿ ಇಡಬೇಕು, ಎಳೆದರೆ ತೊಗಲು ಸುಲಿಯುತ್ತದೆ. ಅಂಗೈ ಹಿಂಭಾಗದಿಂದ ಬಿಸಿ ನೋಡುವುದು. ಫಕೀರಪ್ಪನ ಮೈ ಎಲ್ಲ ಕಡೆಯೂ ಬಿಸಿ ಇತ್ತು, ಅಷ್ಟೊತ್ತಿಗೆ ಅವನಿಗೆ ಸಿಟ್ಟು ಬಂದಿತ್ತು.

ಮರುದಿನವೇ ಹೊರಟೆವು. ಸೊಸೆಯನ್ನು ಕರೆಯಲು ಗಂಡ ಹೋಗುತ್ತಾನೆ, ಇಲ್ಲವೇ ಮೈದುನ. ಅತ್ತೆ ಹೋಗುವುದಿಲ್ಲ, ಹೋದರೆ ಮರ್ಯಾದೆ ಕಡಿಮೆಯಾಗುತ್ತದೆ. ಬಸಲಿಂಗವ್ವ ಟಂಟಂನಲ್ಲಿ ಮುಂದಿನ ಸೀಟಿನಲ್ಲೇ ಕೂತಳು. ನನ್ನನ್ನೂ ಕರೆದುಕೊಂಡರು, ತವರಿನವರು ಇವರ ಮಾತು ನಂಬದಿದ್ದರೆ ನಾನು ಹೇಳಬೇಕೆಂದು.

ಮಿಶ್ರಿಕೋಟಿಯಲ್ಲಿ ಶಿವಪ್ಪ ಬಾಗಿಲಿಗೇ ಬಂದ. ಸಿಟ್ಟಾಗಿದ್ದ, ಆಗಬೇಕಾದದ್ದೇ. ನಮ್ಮ ತಂಗಿ ನಮಗೆ ಭಾರವಲ್ಲ, ಮತ್ತೆ ಸುಡಿಸಲು ಕಳಿಸುವುದಿಲ್ಲ ಎಂದ. ಬಸಲಿಂಗವ್ವ ಒಳಗೆ ನಡೆದಳು. ಬಂದವರಿಗೆ ಕೊಡುವ ನೀರು ಬೆಲ್ಲ ಮುಟ್ಟಲಿಲ್ಲ, ಕೂಡಲಿಲ್ಲ. ಗಂಡಸರೆಲ್ಲ ಹೊರಗೆ ಹೋಗಿ ಎಂದಳು. ಅವರದೇ ಮನೆಯಾಗಿದ್ದರೂ ಹೋದರು.

ನೀಲವ್ವ ಮೆತ್ತನೆಯ ಹತ್ತಿ ಗಾದಿಯ ಮೇಲೆ ಮಲಗಿದ್ದಳು. ತವರಿನವರು ಅಕ್ಕರೆಯಿಂದ ಹುಲ್ಲುಕಡ್ಡಿ ಎತ್ತಲೂ ಬಿಟ್ಟಿರಲಿಲ್ಲ. ಹಬ್ಬದ ದಿನಗಳೆಲ್ಲ ಗೆಳತಿಯರು ಬಂದು ಕೂತು, ಅವರ ನಡುವೆ ಬಾಗಲು ಹೊರಳಲು ನಾಚಿ, ಇವಳೂ ಕೂತೇ ಇದ್ದಳು. ಅತ್ತೆಯನ್ನು ಕಂಡು ಸೆರಗು ಸರಿಮಾಡಿಕೊಂಡಳು, ಯಾಕೆ ಬಂದಿರಿ ಎಂದು ಕೇಳಿದಳು. ಬಸಲಿಂಗವ್ವ ಬಚ್ಚಲಿಗೆ ನಡೆದಳು. ಕೈ ತೊಳೆದು ಬಂದು, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು ಸೊಸೆಯನ್ನು ಮೆಲ್ಲಗೆ ಗೋಡೆಯ ಕಡೆ ಹೊರಳಿಸಿದಳು. ದಿಂಬುಗಳನ್ನು ಸರಿಯಾದ ಜಾಗಕ್ಕೆ ಇಟ್ಟಳು. ಅಂಗೈ ಹಿಂಭಾಗದಿಂದ ಬೆನ್ನ ಕೆಳಗೆ ಮುಟ್ಟುತ್ತಾ ಬಂದು ಬಾಲಮೂಳೆಯ ಹತ್ತಿರ ನಿಂತಳು. ಇನ್ನೊಮ್ಮೆ ಮುಟ್ಟಿದಳು. ನನ್ನ ಕಡೆ ನೋಡಿದಳು.

“ಇಲ್ಲಿ ಬಿಸಿ ಐತ್ರಿ.”

ನಾನೂ ಮುಟ್ಟಿದೆ. ಬಿಸಿಯಿತ್ತು, ಗಟ್ಟಿಯಿತ್ತು, ತೊಗಲು ಇನ್ನೂ ಒಡೆದಿರಲಿಲ್ಲ. ಎರಡು ದಿನ ತಡವಾಗಿದ್ದರೆ ಒಡೆಯುತ್ತಿತ್ತು. ಹಾಗೆಂದು ಹೇಳಿದೆ. ಬಸಲಿಂಗವ್ವ ಕೈ ತೆಗೆಯಲಿಲ್ಲ. ಅವಳ ಕಣ್ಣಿಂದ ನೀರು ಇಳಿದು ಸೊಸೆಯ ಸೊಂಟದ ಮೇಲೆ ಬೀಳುತ್ತಿತ್ತು. ಅದು ನೀಲವ್ವನಿಗೆ ತಿಳಿಯುವ ಜಾಗವಲ್ಲ. ಇನ್ನೊಂದು ಕೈ ಭುಜದ ಮೇಲಿತ್ತು, ಅದು ತಿಳಿಯುತ್ತಿತ್ತು.

ನೀಲವ್ವ ಗೋಡೆಯ ಕಡೆ ನೋಡುತ್ತಲೇ ಹೇಳಿದಳು. “ಅತ್ತಿ, ನಿಮ್ಮ ಕೈ ನಡಗಾಕತ್ತೈತ್ರಿ.”

“ನಡಗಲಿ. ನಡಗಕೋತನ ನೋಡತೇನಿ.”



“ಹಂಗಾದ್ರ ಲಗೂನ ಹೋಗೂಣು ನಡೀರಿ,” ಎಂದಳು ನೀಲವ್ವ. “ಮಕ್ಕಳ ಸಾಲಿ ಬಿಡೂ ಹೊತ್ತಾತು.”

ನಾನು ಹೊರಗೆ ಬಂದು, ಟಂಟಂನ ಹಿಂದಿನ ಸೀಟು ತೆಗೆದು ಗಾದಿ ಹಾಸಿ, ಒಂದು ಮಗ್ಗುಲಿಗೆ ಮಲಗಿಸಿಯೇ ಒಯ್ಯಬೇಕು ಎಂದು ಗಂಡಸರಿಗೆ ಹೇಳಿದೆ. ತಂಗಿಯ ಮಾತನ್ನು ಬಾಗಿಲಾಚೆಯಿಂದ ಕೇಳಿದ್ದ ಶಿವಪ್ಪ ಗಾದಿ ತರಲು ಎದ್ದ.